ಚಂದ್ರನಿಗೆ ಬಿದ್ದ ಬಿರುಕು

ಗ್ರಹಣ ಬಂದಾಗಲೆಲ್ಲ ಅದು ಚಂದ್ರನಿಗಿಂತ ಮೊದಲು ನನ್ನನ್ನು ಹಿಡಿಯುತ್ತದೆ. ಮೂಡುಬಿದಿರೆ ಹತ್ತಿರದ ಗುಡ್ಡದ ಮೇಲಿರುವ, ಅಜ್ಜನ ಕಾಲದ ವೀಕ್ಷಣಾಲಯವನ್ನು ನೋಡಿಕೊಳ್ಳುವವನು ನಾನು. ಅಲ್ಲಿನ ಹಿತ್ತಾಳೆ ದುರ್ಬೀನಿನ ಗಾಜು ಈಗ ಎಲ್ಲಿಯೂ ಸಿಗುವುದಿಲ್ಲ. "ಅದಕ್ಕೊಂದು ಗೀರು ಬಿದ್ದರೂ ಬಾಗಿಲಿಗೆ ಬೀಗ, ಆಮೇಲೆ ಜನರಿಗೆ ಪ್ರವೇಶ ಇಲ್ಲ" ಎಂದು ಸಮಿತಿಯ ಅಧ್ಯಕ್ಷರು ಈ ಸಲ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. 

೧. ವಿಚಾರಣೆ

ಬಂಟ್ವಾಳದಿಂದ ಹೋಟೆಲಿನವರೊಬ್ಬರ ಫೋನು.

"ಗ್ರಹಣ ಬಿಟ್ಟ ಮೇಲೆ ಬಂದರೆ ಆಗ್ತದಾ? ಗ್ರಹಣದಲ್ಲಿ ಹೊರಗೆ ಕಾಲಿಡುವ ಕ್ರಮ ನಮ್ಮಲ್ಲಿ ಇಲ್ಲ."

"ಬಿಟ್ಟ ಮೇಲೆ ಬಂದು ಎಂಥ ನೋಡ್ತೀರಿ ಮಾರಾಯ್ರೆ?"

"ಗ್ರಹಣ" ಎಂದರು.

೨. ಮೊದಲನೆಯವರು

ಗ್ರಹಣಕ್ಕೆ ಮುಂಚೆ ಊಟ ಮುಗಿಯಬೇಕೆಂದು ಹೆಂಡತಿ ಮಧ್ಯಾಹ್ನವೇ ಬುತ್ತಿ ತಂದಳು. ಉಳಿದ ಮಜ್ಜಿಗೆಗೆ, ನೀರಿನ ಕೊಡಕ್ಕೆ ಎಲ್ಲ ದರ್ಬೆ ಹಾಕಿಟ್ಟಳು. ಗ್ರಹಣ ಹಿಡಿದೇ ಹುಟ್ಟಿದ ಚಂದ್ರ ಸಂಜೆ ಮೋಡದಿಂದ ಹೊರಬಂದದ್ದೇ ತಡ, ಜನ ನುಗ್ಗಿದರು. ನಾನು ದುರ್ಬೀನಿನ ಪಕ್ಕದ ಸಣ್ಣ ಕೊಳವೆಯಲ್ಲಿ ಗುರಿ ಹಿಡಿದುಕೊಟ್ಟೆ. ದೊಡ್ಡದರಲ್ಲಿ ನೋಡಲು ನನಗೆ ಪುರುಸೊತ್ತೇ ಸಿಗಲಿಲ್ಲ.

ಮೊದಲು ಬಂದವರು ಬೆಳ್ತಂಗಡಿಯ ಅಡಿಕೆ ವ್ಯಾಪಾರಿ. ಬಹಳ ಹೊತ್ತು ನೋಡಿ, "ಪೂರ್ತಿ ಕತ್ತಲೆ. ಖಗ್ರಾಸ ಅಂದರೆ ಹೀಗೆಯೇ ಅಲ್ವಾ?" ಎಂದರು.

ಬಗ್ಗಿ ನೋಡಿದರೆ ಎರಡೂ ಕಣ್ಣು ಮುಚ್ಚಿಕೊಂಡಿದ್ದಾರೆ.

"ಗ್ರಹಣವನ್ನು ಬರಿಗಣ್ಣಲ್ಲಿ ನೋಡಬಾರದಲ್ಲ" ಎಂದರು.

೩. ಎರಡನೆಯವರು

ಎರಡನೆಯವರು ಅಧ್ಯಕ್ಷರೇ. ಕಣ್ಣಿಟ್ಟವರು ಹಾಗೆಯೇ ನಿಂತರು.

"ಚಂದ್ರ ಸೀಳಿ ಹೋಗಿದ್ದಾನೆ."

ನಾನು ನೋಡಿದೆ. ಕೆಂಪು ಚಂದ್ರನ ನಡುವೆ ಕಪ್ಪು ಗೆರೆ, ಮೇಲಿಂದ ಕೆಳಗಿನವರೆಗೆ. 

"ಗಾಜು ಹೋಯಿತು" ಎಂದು ಅಧ್ಯಕ್ಷರು ಕಿಸೆಯಿಂದ ಬೀಗ ತೆಗೆದರು. ಮನೆಯಿಂದಲೇ ತಂದಿದ್ದರು ಪುಣ್ಯಾತ್ಮ. ಹೊರಗೆ ಉಜಿರೆಯಿಂದ ಬಸ್ಸು ಮಾಡಿಕೊಂಡು ಬಂದ ಹಾಸ್ಟೆಲ್ ಹುಡುಗಿಯರ ಸಾಲು. ನೋಡಿದವರಲ್ಲಿ ಅಧ್ಯಕ್ಷರೇ ಕೊನೆಯವರೂ ಆಗಿಬಿಡುತ್ತಾರಲ್ಲ ಎಂದು ಅಳು ಬಂತು. ಕೊನೆಯ ಆಸೆಯಿಂದ ಕಣ್ಣಿಡುವ ಕೊಳವೆಯನ್ನು ಬಿಚ್ಚಿ ಕೊಡವಿದೆ. ಒಂದು ತುಂಡು ದರ್ಬೆ ಬಿತ್ತು.

"ಅದು ನಾನೇ ಹಾಕಿದ್ದು" ಎಂದಳು ಹೆಂಡತಿ. "ಮಜ್ಜಿಗೆಗೆ ಹಾಕಿ ಉಳಿದಿತ್ತು. ಇಷ್ಟು ಹಳೆ ಗಾಜನ್ನು ಗ್ರಹಣಕ್ಕೆ ಎದುರು ಹಿಡಿಯುತ್ತೀರಿ, ದರ್ಬೆ ಬೇಡವಾ?"

ಅಧ್ಯಕ್ಷರು ಮತ್ತೆ ನೋಡಿದರು. ಗೆರೆ ಇಲ್ಲ.

"ನೋಡಿ, ಗಾಜಿಗೆ ಏನೂ ಆಗಲಿಲ್ಲ" ಎಂದಳು ಅವಳು. "ದರ್ಬೆ ಹಾಕದಿದ್ದರೆ?"

ಅಧ್ಯಕ್ಷರು ಗಂಭೀರವಾಗಿ ತಲೆಯಾಡಿಸಿದರು. ಬೀಗ ಕಿಸೆಗೆ ಹೋಯಿತು.

"ಬಾಗಿಲು ತೆರೆದೇ ಇರಲಿ. ಆದರೆ ಇನ್ನು ಮುಂದೆ ದುರ್ಬೀನಿನ ಜವಾಬ್ದಾರಿ ಈ ಅಮ್ಮನದ್ದು" ಎಂದರು. ನನ್ನ ಕಡೆ ತಿರುಗಿ, "ನೀವು ಮಜ್ಜಿಗೆ ನೋಡಿಕೊಳ್ಳಿ" ಎಂದರು.