ಇಟಲಿಯನ್ನು ತುಟಿಗಿಟ್ಟು ನೋಡಿದ ಅತ್ತೆ

ನಮ್ಮ ಸೋದರತ್ತೆ ಇಟಲಿ ದೇಶವನ್ನು ನೆಕ್ಕಿ ಬಂದಿದ್ದಾಳೆ.

ಹೀಗೆಂದರೆ ಅವಳು ಜಗಳಕ್ಕೆ ಬರುತ್ತಾಳೆ. "ನೆಕ್ಕಿದ್ನಾ? ನಾನೇನ್ ಹಸೀನ ಕರಾನಾ? ತುಟಿಗೆ ತಾಗಿಸ್ದೆ, ಅಷ್ಟೇಯ!" ನನ್ನ ನೆನಪಿನಲ್ಲಿ ಮಾತ್ರ ನಾಲಿಗೆಯ ತುದಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನನ್ನ ಮದುವೆಯ ದಿನ ಜಡಿಮಳೆ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದೆ; ಫೋಟೋಗಳಲ್ಲಿ ನೋಡಿದರೆ ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ! ಅಂದಿನಿಂದ ಡೈರಿ ಇಟ್ಟಿದ್ದೇನೆ. ಅದರಲ್ಲೂ ಆ ಇಟಲಿಯ ಊರಿನ ಹೆಸರನ್ನು ಮೂರು ಪುಟಗಳಲ್ಲಿ ಮೂರು ಥರ ಬರೆದಿದ್ದೇನೆ. ಆದ್ದರಿಂದ ಇಲ್ಲಿ ಕೆಲವು ವಿವರಗಳು ಹಿಂದುಮುಂದಾಗಿದ್ದರೆ ಕ್ಷಮಿಸಬೇಕು. ಅತ್ತೆಯ ಮಾತುಗಳನ್ನು ಮಾತ್ರ ಅವತ್ತವತ್ತೇ ಬರೆದಿಟ್ಟಿದ್ದೇನೆ.

ಮೊದಲು ತುಟಿಯ ವಿಷಯ. ಅತ್ತೆ ಚನ್ನಪಟ್ಟಣದಲ್ಲಿ ನಲವತ್ತು ವರ್ಷದಿಂದ ಬೊಂಬೆ ಕಡೆಯುವವಳು. ಗಿರ್ರನೆ ತಿರುಗುವ ಮರಕ್ಕೆ ಉಳಿ ಕೊಟ್ಟು ಆಕಾರ ತರುತ್ತಾಳೆ. ಆ ತಿರುಗುವ ಬಿಸಿಗೇ ಬಣ್ಣದ ಅರಗನ್ನು ಒತ್ತಿ ಕರಗಿಸಿ ಹತ್ತಿಸುತ್ತಾಳೆ. ಆಮೇಲೆ ಕೇದಗೆಯ ಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾಳೆ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಅತ್ತೆಯ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಬೊಂಬೆಯನ್ನು ಕೆಳತುಟಿಗೆ ತಾಗಿಸಿ, ಕಣ್ಣು ಮುಚ್ಚಿ, ನಿಧಾನಕ್ಕೆ ಒಂದು ಸಲ ಎಳೆಯುತ್ತಾಳೆ. ಕೂದಲೆಳೆಯಷ್ಟು ತರಿ ಸಿಕ್ಕಿದರೂ ಬೊಂಬೆ ವಾಪಸ್ಸು ಮೆಷೀನಿಗೆ! ಯಾಕತ್ತೆ ಎಂದರೆ ಒಂದೇ ಉತ್ತರ:

"ಕೂಸು ಬೊಂಬೆನ ಕಣ್ಣಲ್ಲಿ ನೋಡ್ತದಾ? ಬಾಯಲ್ಲಿ ನೋಡ್ತದೆ. ಅದು ನೋಡಾಕ್ ಮುಂಚೆ ನಾನು ನೋಡ್ಬ್ಯಾಡ್ವಾ?"

ವಾದವೇನೋ ಸರಿ. ಆದರೆ ಕೂಸುಗಳು ಬಾಯಿಗಿಡದ ವಸ್ತುಗಳೂ ಈ ಲೋಕದಲ್ಲಿ ಇವೆಯಲ್ಲ! ಸೀರೆ ಅಂಗಡಿಗೆ ಹೋದರೆ ಸೆರಗು ತುಟಿಗೆ. ಹೊಸ ಮೊಬೈಲು ಕೊಡಿಸಿದರೆ ಅದರ ಗಾಜು ತುಟಿಗೆ. ನನ್ನ ಮದುವೆಯ ಮಾತುಕತೆಗೆಂದು ಸೋಲೂರಿನ ಗಂಡಿನ ಮನೆಗೆ ಹೋದಾಗ, ಎಲ್ಲರೂ ಉಪ್ಪಿಟ್ಟು ತಿನ್ನುತ್ತಿರುವಾಗ, ಅತ್ತೆ ಏನೋ ಬಿದ್ದುದನ್ನು ಹುಡುಕುವವಳಂತೆ ಬಗ್ಗಿ ಟೀಪಾಯಿಯ ಅಂಚಿಗೆ ತುಟಿ ಎಳೆದೇಬಿಟ್ಟಳು. ತಲೆ ಎತ್ತಿ, "ಮರ ಚೆಂದಾಗೈತೆ, ಪಾಲೀಸ್ ಹೊಡ್ದೋನು ಸೋಮಾರಿ" ಎಂದಳು. ಪಾಲಿಶ್ ಹೊಡೆದವರು ಮನೆಯ ಯಜಮಾನರೇ! ನಾನು ಉಪ್ಪಿಟ್ಟಿನಲ್ಲಿ ಮುಖ ಹುದುಗಿಸಿದೆ. ಆದರೂ ಮದುವೆ ಆಯಿತು. ನಿಶ್ಚಿತಾರ್ಥಕ್ಕೆ ಹೋಗುವ ಹೊತ್ತಿಗೆ ಟೀಪಾಯಿ ಕನ್ನಡಿಯಂತೆ ಹೊಳೆಯುತ್ತಿತ್ತು.

ಇಂಥವಳು ಇಟಲಿಗೆ ಹೋದದ್ದು ಹೇಗೆ? ನಾನು ಬೆಂಗಳೂರಿನ ಒಂದು ಡಿಸೈನ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮಲ್ಲೀಗ ಎರಡು ವಾರ, ಮೂರು ವಾರದ ವಿದೇಶಿ ಕೋರ್ಸುಗಳ ಸುಗ್ಗಿ. ಗಾಜಿಗೊಂದು ದೇಶ, ಪಿಂಗಾಣಿಗೊಂದು ದೇಶ. ಹೋಗಿಬಂದ ಮಕ್ಕಳು ಆರು ತಿಂಗಳು ನಮ್ಮ ಕ್ಯಾಂಟೀನಿನ ಕಾಫಿಯನ್ನು ಬೈಯುತ್ತಾರೆ. ಉಳಿದಂತೆ ಮೊದಲಿನ ಹಾಗೇ ಇರುತ್ತಾರೆ. ಆ ವರ್ಷ ಇಟಲಿಯ ಬೆಟ್ಟದ ಮೇಲಿನ ಒಂದು ಪುಟ್ಟ ಊರಿನಲ್ಲಿ ಮರದ ಆಟಿಕೆಗಳ ಬಗ್ಗೆ ಮೂರು ವಾರದ ಕೋರ್ಸು. ಎಂಟು ವಿದ್ಯಾರ್ಥಿಗಳು, ಜೊತೆಗೆ ಟೀಚರಾಗಿ ನಾನು. ಇನ್ನೊಂದು ಸೀಟು ಕೈಕಸುಬಿನವರಿಗೆಂದು ಮೀಸಲು. ವಯಸ್ಸಿನ ಮಿತಿ ಇಲ್ಲ. "ನಿಮ್ಮ ಬೊಂಬೆ ಬೀದಿಯಲ್ಲಿ ಯಾರಾದರೂ ಹುಡುಗರಿದ್ದರೆ ಹೇಳು" ಎಂದು ಅತ್ತೆಗೆ ಹೇಳಿದೆ. ಅದೇ ನಾನು ಮಾಡಿದ ತಪ್ಪು.

ಅತ್ತೆ ಮೆಷೀನು ನಿಲ್ಲಿಸಿದಳು. "ಸರ್ಟಿಫಿಕೇಟ್ ಕೊಡ್ತಾರಾ?"

"ಕೊಡ್ತಾರೆ."

"ಮೂರೇ ವಾರ ಅಂತೀಯ. ಪೂರ್ತಿ ಸೈಜಿಂದೇ ಕೊಡ್ತಾರಾ, ಇಲ್ಲ ಚಿಕ್ಕದಾ?"

ಅವಳ ಹಸಿವು ನನಗೆ ಗೊತ್ತಿತ್ತು. ಊರಿನಲ್ಲಿ ಹೊಸದಾಗಿ ಹೆಣ್ಣುಮಕ್ಕಳಿಗೆ ಬೊಂಬೆ ಕೆಲಸ ಕಲಿಸುವ ತರಬೇತಿ ಕೇಂದ್ರವೊಂದು ಶುರುವಾಗಿತ್ತು. ಅತ್ತೆ ಒಳ್ಳೆಯ ಸೀರೆ ಉಟ್ಟು ಹೋಗಿ "ನಾನು ಹೇಳ್ಕೊಡ್ತೀನಿ" ಎಂದಿದ್ದಳು. ಅವರು ಕಾಫಿ ಕೊಟ್ಟು, ಸರ್ಟಿಫಿಕೇಟ್ ಇದೆಯೇ ಎಂದು ಕೇಳಿ, ಇಲ್ಲವೆಂದಾಗ ಇನ್ನೊಂದು ಲೋಟ ಕಾಫಿ ಕೊಟ್ಟು ಕಳಿಸಿದ್ದರು. ನಲವತ್ತು ವರ್ಷದ ಕಸುಬಿಗೆ ಎರಡು ಲೋಟ ಕಾಫಿ!

"ಅರವತ್ತು ಹತ್ರ ಬಂತು, ಈಗ ಇಸ್ಕೂಲ್ಗೆ ಹೊಂಟವ್ಳೆ!" ಎಂದು ಅತ್ತೆಯ ಗಂಡ ಮೂಲೆಯಲ್ಲಿ ಕೂತು ನಕ್ಕರು. "ಅದ್ಯಾಕೆ ಈಗ ಮೇಷ್ಟ್ರಾಗೋ ಚಟ? ಕಡ್ಕೊಂಡು ಸುಮ್ಕಿರಕ್ಕಾಗಕಿಲ್ವಾ?"

"ಕಡ್ದು ಕಡ್ದು ಬ್ಯಾಸರ ಆಗೈತೆ. ಒಸಿ ಬಾಯ್ಗೂ ಕೆಲ್ಸ ಕೊಡವಾ ಅಂತ."

"ಅದ್ಕೆ ಯಾವತ್ತು ರಜ ಕೊಟ್ಟಿದ್ದೀಯ ನೀನು?" ಎಂದರು ಆ ಪುಣ್ಯಾತ್ಮರು. ಕೇದಗೆ ಗರಿಯೊಂದು ಮೂಲೆಗೆ ಹಾರಿತು.

ಅರ್ಜಿಯ ಜೊತೆ ಹತ್ತು ಕೃತಿಗಳ ಫೋಟೋ, ಒಂದೊಂದಕ್ಕೂ ಅದರ ಹಿಂದಿನ ಆಲೋಚನೆಯ ಟಿಪ್ಪಣಿ ಬೇಕಿತ್ತು. ನಮ್ಮ ವಿದ್ಯಾರ್ಥಿಗಳು ಒಂದು ಚಮಚಕ್ಕೆ ನಾಲ್ಕು ಪುಟ ಬರೆಯುತ್ತಾರೆ. ಅದರಲ್ಲಿ ಚಮಚದ ಪ್ರಸ್ತಾಪ ಕೊನೆಯ ಸಾಲಿನಲ್ಲಿ ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಅತ್ತೆಯನ್ನು ಗಿಲಕಿಯ ಬಗ್ಗೆ ಕೇಳಿದೆ.

"ಕೂಸು ಅಳ್ತದೆ. ಇದ್ನ ಅಲ್ಲಾಡ್ಸಿ. ಸುಮ್ಕಾಯ್ತದೆ."

"ಇನ್ನೇನಾದ್ರೂ ಹೇಳತ್ತೆ, ಇದರ ಹಿಂದೆ ಏನು ಆಲೋಚನೆ ಇತ್ತು?"

"ಸುಮ್ಕಾಗ್ಲಿಲ್ಲ ಅಂದ್ರೆ ಹಸ್ಕೊಂಡೈತೆ, ಹಾಲು ಕುಡ್ಸಿ."

ನಾನು ಅದನ್ನು ಇಂಗ್ಲಿಷಿನಲ್ಲಿ ಎರಡು ಪುಟಕ್ಕೆ ಹಿಗ್ಗಿಸಿದೆ ಎಂದು ನೆನಪು. ಅತ್ತೆ ಹೇಳಿದ್ದನ್ನು ಹೇಳಿದಂತೆಯೇ ಕಳಿಸಿದೆ ಎನ್ನುತ್ತದೆ ಡೈರಿ. ಅಂತೂ ಹತ್ತು ದಿನದಲ್ಲಿ ಉತ್ತರ ಬಂತು: ಇಷ್ಟು ಸ್ಪಷ್ಟವಾದ ಟಿಪ್ಪಣಿಯನ್ನು ತಾವು ಓದಿಯೇ ಇರಲಿಲ್ಲವಂತೆ, ಅತ್ತೆಗೆ ಸೀಟು ಸಿಕ್ಕಿದೆಯಂತೆ. ಡೈರಿಯದ್ದೇ ಸರಿ ಇರಬೇಕು.

ಮುಂದಿನ ಕಂಟಕ ವೀಸಾ. ಬೆರಳಚ್ಚು ಕೊಡಬೇಕು. ಅತ್ತೆ ಬೆರಳಿಟ್ಟಳು, ಮೆಷೀನು ಕೆಂಪು ದೀಪ ತೋರಿಸಿತು. ಒರೆಸಿ ಇಟ್ಟಳು, ಕೆಂಪು. ಕೈ ಬದಲಿಸಿದಳು, ಕೆಂಪು. "ಅಮ್ಮಾ, ಒಸಿ ಒತ್ತಿ ಇಡಿ" ಎಂದ, ಮಂಡ್ಯ ಕಡೆಯವನಂತೆ ಕಾಣುತ್ತಿದ್ದ ಆ ಕೌಂಟರಿನವನು.

"ಒತ್ತಿ ಒತ್ತೇ ಹಿಂಗಾಗಿರೋದು ಕಣಪ್ಪ! ರೇಷನ್ ಅಂಗ್ಡೀಲೂ ಇದೇ ಕತೆ. ಅಲ್ಲಿ ನಮ್ಮೆಜಮಾನ್ರು ಹೆಬ್ಬೆಟ್ಟು ಕೊಡ್ತಾರೆ. ಅವ್ರು ಯಾವತ್ತೂ ಕೆಲ್ಸ ಮಾಡ್ಲಿಲ್ವಲ್ಲ, ಗೆರೆಯೆಲ್ಲ ಹುಟ್ದಾಗ ಇದ್ದಂಗೇ ಅವೆ!"

ಹಿಂದಿನ ಸಾಲಿನವರೂ ನಕ್ಕರು. ನಾನು ಮಾತ್ರ ಲೆಕ್ಕ ಹಾಕುತ್ತಿದ್ದೆ: ಇಲ್ಲಿ ನಿಂತುಹೋದರೆ ಸರ್ಟಿಫಿಕೇಟೂ ಇಲ್ಲ, ತರಬೇತಿ ಕೇಂದ್ರವೂ ಇಲ್ಲ. ಅತ್ತೆ ಮನಸ್ಸಿನಲ್ಲೇ ಕೆಂಗಲ್ ಹನುಮಂತರಾಯನಿಗೆ ಹರಕೆ ಹೊತ್ತಳಂತೆ; ಆದರೆ ಬಾಯಲ್ಲಿ ಹೇಳಿದ್ದು ಇದು: "ನನ್ ಗೆರೆ ಬೇಕು ಅಂದ್ರೆ ಅವ್ರ ದೇಸದಾಗೇ ಹುಡುಕ್ಕೊಳಕ್ಕೆ ಹೇಳಪ್ಪ. ನಮ್ ಬೊಂಬೆ ಅಲ್ಗೆಲ್ಲಾ ಯಾವತ್ತೋ ಹೋಗ್ಬುಟ್ಟವೆ. ಗೆರೆಯೆಲ್ಲ ಅದ್ರ ಮೇಲವೆ."

ಆತ ನಗುತ್ತಲೇ ಮೇಲಿನವರನ್ನು ಕರೆತಂದ. ಅವರು ಹತ್ತೂ ಬೆರಳನ್ನು ತಿರುಗಿಸಿ ನೋಡಿ, ಕಂಪ್ಯೂಟರಿನಲ್ಲಿ ಏನೋ ಷರಾ ಬರೆದರು. ವೀಸಾ ಬಂತು. ಆ ದಿನದ ಡೈರಿಯಲ್ಲಿ 'ಅತ್ತೆ ಇವತ್ತು ವೀಸಾ ಆಫೀಸನ್ನೇ ನಗಿಸಿದಳು' ಎಂದಿದೆ.

ಇಟಲಿಯಲ್ಲಿ ಅತ್ತೆ ಎರಡೇ ದಿನದಲ್ಲಿ ಇಡೀ ತರಗತಿಗೆ ಅತ್ತೆಯಾದಳು. ಮೇಷ್ಟ್ರು ಭಾರೀ ದೇಹದ ಮುದುಕ. ಗಡ್ಡದ ತುಂಬ ಮರದ ಹೊಟ್ಟು. ಅವರು ಇಟಾಲಿಯನ್ನಿನಲ್ಲಿ ಗೊಣಗುವರು, ಇವಳು ಕನ್ನಡದಲ್ಲಿ ಬೈಯುವಳು. ಇಬ್ಬರಿಗೂ ಪೂರ್ತಿ ಅರ್ಥವಾಗುತ್ತಿತ್ತು. ಭಾಷಾಂತರಕ್ಕೆಂದು ನಡುವೆ ಹೋದರೆ ನನ್ನನ್ನೇ ಇಬ್ಬರೂ ಸೇರಿ ಓಡಿಸುತ್ತಿದ್ದರು.

ಎರಡನೆಯ ವಾರ ಮ್ಯೂಸಿಯಮ್ಮು. ಹಗ್ಗದ ಆಚೆ, ಅಜ್ಜನ ಅಜ್ಜನ ಕಾಲದ ಒಂದು ಮರದ ಕುದುರೆ. ವಿವರಣೆ ಕೊಡುವಾಕೆ ಆ ಕಡೆ ತಿರುಗಿದಳೋ ಇಲ್ಲವೋ, ಅತ್ತೆ ಹಗ್ಗದ ಮೇಲೆ ಬಾಗಿ ಕುದುರೆಯ ಬೆನ್ನಿಗೆ ತುಟಿ ಎಳೆದಳು. (ಇಲ್ಲೇ ಆ ನಾಲಿಗೆಯ ತುದಿಯ ವಿವಾದ!) ಎಲ್ಲೋ ಗಂಟೆ ಬಡಿದುಕೊಳ್ಳತೊಡಗಿತು. ಕಾವಲಿನವಳು ಓಡಿಬಂದಳು. ನಾನು ಯಾರೋ, ಈಕೆ ಯಾರೋ ಎಂಬಂತೆ ಪಕ್ಕದ ಚಿತ್ರಪಟವನ್ನು ನೋಡುತ್ತಾ ನಿಂತೆ. ಹೌದು, ಅಷ್ಟು ಹೇಡಿತನ ಮಾಡಿದ್ದೇನೆ.

ಅತ್ತೆ ಕಾವಲಿನವಳಿಗೆ ಶಾಂತವಾಗಿ ವರದಿ ಒಪ್ಪಿಸಿದಳು: "ಒಸಿ ಉಪ್ಪುಪ್ಪು ಐತೆ ಕಣವ್ವ. ಆದ್ರೆ ಕೆಲ್ಸ ಮಾಡ್ದೋನು ಘಟ್ಟಿಗ."

ಅವಳಿಗೇನು ತಿಳಿಯಿತೋ, ಜೇಬಿನಿಂದ ಒದ್ದೆ ಟಿಶ್ಯೂ ತೆಗೆದು ಬಾಯಿ ಒರೆಸಿಕೊಳ್ಳಲು ಕೊಟ್ಟಳು. ಅತ್ತೆ ಅದರಿಂದ ಕುದುರೆಯನ್ನು ಒರೆಸಿದಳು. ಗಂಟೆ ಎರಡನೆಯ ಸಲ ಬಡಿದುಕೊಂಡಿತು.

ಕೊನೆಯ ವಾರದಲ್ಲಿ ಒಂದು ಪರೀಕ್ಷೆ. ಅದರಲ್ಲಿ ಪಾಸಾದರೇ ಸರ್ಟಿಫಿಕೇಟು. ಬಟ್ಟೆಯ ಚೀಲದೊಳಗೆ ಹತ್ತು ಮರದ ತುಂಡು. ಕಣ್ಣಿನಿಂದ ನೋಡದೆ, ಬೆರಳಿನಿಂದಲೇ ಮುಟ್ಟಿ, ತರಿಯಾದದ್ದರಿಂದ ನುಣುಪಾದದ್ದರವರೆಗೆ ಸಾಲಾಗಿ ತೆಗೆದಿಡಬೇಕು. ಇಪ್ಪತ್ತರ ಹುಡುಗ ಹುಡುಗಿಯರು ಒಂದೆರಡು ತಪ್ಪಿನೊಡನೆ ಮುಗಿಸಿದರು. ಅತ್ತೆಗೆ ಇದು ಬೆಲ್ಲ ತಿಂದಷ್ಟು ಸುಲಭ ಎಂದು ನಾನು ಕೈಕಟ್ಟಿ ಕೂತೆ.

ಅತ್ತೆ ಚೀಲದೊಳಗೆ ಕೈಯಿಟ್ಟಳು. ಬಹಳ ಹೊತ್ತು ಇಟ್ಟುಕೊಂಡೇ ಇದ್ದಳು. ಒಂದು ತುಂಡು ತೆಗೆದಿಟ್ಟಳು, ಇನ್ನೊಂದನ್ನು ಇಟ್ಟಳು. ಹತ್ತೂ ಸಾಲಾದಾಗ ನೋಡುತ್ತೇನೆ, ಎಲ್ಲವೂ ಅಡ್ಡಾದಿಡ್ಡಿ! ಗರಗಸದ ಹಲ್ಲಿನ ಗುರುತಿರುವ ತುಂಡು ಎಲ್ಲಕ್ಕಿಂತ ನುಣುಪಿನ ಜಾಗದಲ್ಲಿ ಕೂತಿತ್ತು. ಮೇಷ್ಟ್ರು ಗಡ್ಡ ಕೆರೆದುಕೊಂಡರು.

ಆಗ ಅತ್ತೆ ಎಲ್ಲವನ್ನೂ ಬಾಚಿ ಚೀಲಕ್ಕೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲದೊಳಗೆ ತಲೆಯನ್ನೇ ತೂರಿಸಿದಳು! ಒಳಗಿನಿಂದ, "ಏನ್ ಕತ್ಲೆನವ್ವಾ ಇದು, ಕರೆಂಟಿಲ್ವಾ!" ಎಂಬ ಕೂಗು. ಒಂದೊಂದೇ ತುಂಡು ಹೊರಗೆ ಬಂತು. ಹತ್ತಕ್ಕೆ ಹತ್ತು ಸರಿ. ತರಗತಿ ಮೇಜು ಕುಟ್ಟಿ ನಕ್ಕಿತು. ಮೇಷ್ಟ್ರು ಒಬ್ಬರೇ ನಗದೆ ಬಂದು, ಅತ್ತೆಯ ಬಲಗೈ ಹಿಡಿದು, ಬೆರಳ ತುದಿಗಳನ್ನು ತಮ್ಮ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಅತ್ತೆ ಅದನ್ನು ಅಳೆದು ನೋಡಿದಳು: ಪೂರ್ತಿ ಸೈಜಿನದೇ! ಡೈರಿಯಲ್ಲಿ 'ಅತ್ತೆಯ ನಾಟಕ, ಹೊಟ್ಟೆ ಹುಣ್ಣಾಗುವಷ್ಟು ನಗು' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

ಸರ್ಟಿಫಿಕೇಟು ಈಗ ತರಬೇತಿ ಕೇಂದ್ರದ ಗೋಡೆಯ ಮೇಲಿದೆ. ಅದರ ಕೆಳಗೆ ಅತ್ತೆ ಟೀಚರು. ಹೋದ ತಿಂಗಳು ನೋಡಲು ಹೋಗಿದ್ದೆ. ಹನ್ನೆರಡು ಹುಡುಗಿಯರು, ಮೆಷೀನುಗಳ ಸದ್ದು, ಅರಗಿನ ಬಿಸಿ ವಾಸನೆ, ಅದರ ಮೇಲೆ ಅತ್ತೆಯ ಗಂಟಲು. ಅವಳೇನೂ ಕಡೆಯುತ್ತಿರಲಿಲ್ಲ. ಒಬ್ಬೊಬ್ಬರ ಪಕ್ಕವೂ ನಿಂತು, ಅವರ ಬೆರಳನ್ನು ಹಿಡಿದು ಬೊಂಬೆಯ ಮೇಲೆ ಇಡುತ್ತಿದ್ದಳು.

"ನಿಧಾನಕ್ಕೆ ಸವರು. ಸವರ್ದ್ಯಾ? ಏನ್ ಹೇಳ್ತದೆ ಬೆರಳು?"

"ಇಲ್ಲಿ ಒಸಿ ತರಿ ಐತೆ, ಮಿಸ್ಸು."

"ಹೌದಾ? ಎಂಗೈತೆ? ಇನ್ನೊಂದ್ ಸಲಿ ಸವರಿ ಹೇಳು, ನಾನೂ ಕೇಳ್ತೀನಿ."

ಆ ಹುಡುಗಿ ಹೇಳುತ್ತಾ ಹೋದಳು. ಅತ್ತೆ ಕಣ್ಣು ಮುಚ್ಚಿಕೊಂಡು, ಯಾರೋ ತವರಿನ ಸುದ್ದಿ ಹೇಳುತ್ತಿದ್ದಾರೆ ಎಂಬಂತೆ ಕೇಳುತ್ತಾ ನಿಂತಿದ್ದಳು.

ನಾನು ಚಿಕ್ಕವಳಿದ್ದಾಗ ಜ್ವರ ಬಂದರೆ ಅಮ್ಮ ಹಣೆಗೆ ಕೈಯಿಡುತ್ತಿದ್ದಳು. ಅತ್ತೆ ಮಾತ್ರ ಬಗ್ಗಿ ತುಟಿಯಿಡುತ್ತಿದ್ದಳು. ಅದನ್ನು ಮುದ್ದು ಎಂದುಕೊಂಡೇ ಬೆಳೆದೆ. ಆಗ ನನಗೆ ಆರು ವರ್ಷವೋ, ಎಂಟೋ? ನೆನಪಿಲ್ಲ. ಆಗ ಡೈರಿಯೂ ಇರಲಿಲ್ಲ.

ಸಂಜೆ ಹುಡುಗಿಯರೆಲ್ಲ ಹೋದ ಮೇಲೆ, ಅತ್ತೆ ನೆಲದ ಮೇಲಿನ ಹೊಟ್ಟು ಗುಡಿಸುತ್ತಿದ್ದಾಗ ಒಂದು ಪ್ರಶ್ನೆ ಕೇಳಿದೆ. ಪೊರಕೆ ಒಂದು ಗಳಿಗೆ ನಿಂತಿತು, ಮತ್ತೆ ಗುಡಿಸತೊಡಗಿತು. ಅದಾದ ಮೇಲೆ ಎರಡು ಸಲ ಫೋನು ಮಾಡಿದ್ದಾಳೆ, ಉಪ್ಪಿನಕಾಯಿ ಕಳಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಡೈರಿಯಲ್ಲಿ ಆ ದಿನದ ಪುಟದಲ್ಲಿ ಬೇರೇನೂ ಬರೆದಿಲ್ಲ, ನಾನು ಕೇಳಿದ್ದು ಮಾತ್ರ ಇದೆ:

"ಅತ್ತೆ, ನಿನ್ನ ಬೆರಳಿಗೆ ಗೊತ್ತಾಗೋದು ನಿಂತು ಎಷ್ಟು ವರ್ಷ ಆಯ್ತು?"