ತೃಪ್ತಿಯ ಫೋಟೋಗಳೂ ಚಿಲಕವಿಲ್ಲದ ಬಾಗಿಲೂ

ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತೆಂದರೆ ನಮ್ಮ ಕಾಲೇಜಿನಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಆದದ್ದೆಲ್ಲ ಅತಿಥಿ ಉಪನ್ಯಾಸಕಿಯಾದ ನನ್ನ ತಲೆಗೇ ಬರುತ್ತದೆ. ಅತಿಥಿ ಅನ್ನುವುದು ಹೆಸರಿಗೆ. ಹನ್ನೆರಡು ವರ್ಷದಿಂದ ಕೊಟ್ಟೂರಿನಲ್ಲಿ ಬಸ್ಸು ಹತ್ತಿ ಬರುವ, ವರ್ಷಕ್ಕೊಮ್ಮೆ ಪಟ್ಟಿಯಲ್ಲಿ ತನ್ನ ಹೆಸರು ಉಳಿದಿದೆಯೇ ಎಂದು ಬೆರಳಿಟ್ಟು ಹುಡುಕುವ ಅತಿಥಿ.

ಈ ಸಲ ಬಂದದ್ದು ಹೀಗಿತ್ತು: ವಿದ್ಯಾರ್ಥಿಗಳ ತೃಪ್ತಿಯನ್ನು ಪ್ರಶ್ನೆ ಕೇಳಿ ಅಳೆಯುವಂತಿಲ್ಲ, ಅವರೇ ತಂದ ಫೋಟೋ ನೋಡಿ ಅಳೆಯಬೇಕು. ಹತ್ತು ದಿನದಲ್ಲಿ ಸಮಿತಿ ಬರುತ್ತದೆ.

ಎರಡು ಪ್ರತಿ

'ಕಾಲೇಜಿನ ಅನುಭವ ಕುರಿತು ಪ್ರತಿಯೊಬ್ಬರೂ ಒಂದು ಫೋಟೋ ಕೊಡತಕ್ಕದ್ದು' ಎಂದು ನೋಟಿಸು ಹಾಕಿದೆ. ಮರುದಿನ ಗುಮಾಸ್ತರ ಮೇಜಿನ ತುಂಬ ಪಾಸ್‌ಪೋರ್ಟ್ ಸೈಜಿನ ಮುಖಗಳು, ಒಬ್ಬೊಬ್ಬರದು ಎರಡೆರಡು ಪ್ರತಿ! ನೀಲಿ ಪರದೆ, ಎಣ್ಣೆ ಹಚ್ಚಿ ಬಾಚಿದ ತಲೆ, ಹಿಂದೆ ಹೆಸರು, ರೋಲ್ ನಂಬರು. ಫೋಟೋ ಎಂದರೆ ಆಫೀಸು ಇವರಿಂದ ಇವತ್ತಿನವರೆಗೂ ಬೇರೆ ಯಾವುದನ್ನೂ ಕೇಳಿಲ್ಲವಲ್ಲ!

ಒಬ್ಬ ಹುಡುಗ ದೊಡ್ಡ ಲಕೋಟೆಯನ್ನೇ ಕೊಟ್ಟ.

"ಇದೇನಪಾ?"

"ಜಾತಿ-ಆದಾಯ ಸರ್ಟಿಫಿಕೇಟು ರಿ ಮೇಡಂ. ಹೆಂಗೂ ನಾಳಿ ಕೇಳ್ತೀರಿ."

ಖಾಲಿ ಕುರ್ಚಿ

ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳಿದೆ. ಕಾಲೇಜಿನಲ್ಲಿ ನಿಮಗೆ ಇಷ್ಟವಾದದ್ದು ಒಂದು, ಕಷ್ಟವಾದದ್ದು ಒಂದು, ಮೊಬೈಲಿನಲ್ಲಿ ತೆಗೆದು ಕಳಿಸಿ. ಅರ್ಧ ತರಗತಿ ಹರಪನಹಳ್ಳಿ ಬಸ್ಸಿನ ಫೋಟೋ ಕಳಿಸಿತು.

"ಇದು ಇಷ್ಟನೋ ಕಷ್ಟನೋ?"

"ಸೀಟು ಸಿಕ್ರ ಇಷ್ಟ ರಿ."

ಎಲ್ಲವನ್ನೂ ಪ್ರಿಂಟು ಹಾಕಿಸಿ, ಸಮಿತಿ ನೋಡಲೆಂದು ಬೋರ್ಡಿನ ಮೇಲೆ 'ಇಷ್ಟ', 'ಕಷ್ಟ' ಎಂದು ಎರಡು ಕಡೆ ಅಂಟಿಸಿದೆ. 'ಇಷ್ಟ'ದ ಕಡೆ ಒಂದು ಫೋಟೋ ನಾನು ಪಾಠ ಮಾಡುವ ಕೋಣೆಯದು. ಮೇಜು, ಕುರ್ಚಿ, ಹಲಗೆ, ಯಾರೂ ಇಲ್ಲ. ನನ್ನ ಎದೆ ಉಬ್ಬಿತು. "ನನ್ನ ಪಾಠ ಅಷ್ಟು ಹಿಡಿಸ್ತೇನವ್ವಾ?" ಎಂದು ಕಳಿಸಿದವಳನ್ನು ಕೇಳಿದೆ.

"ಅವತ್ತು ನೀವು ರಜಾ ಇದ್ರಿ, ಮೇಡಂ."

ಇದನ್ನು ಕಿತ್ತು ಹಾಕಬೇಕೆನ್ನುವಷ್ಟರಲ್ಲಿ ಪ್ರಿನ್ಸಿಪಾಲರು ಬಂದು ನೋಡಿ ಮೆಚ್ಚಿದರು. "ಛಲೋ ಐತಿ, ಇರ್ಲಿ. ಫರ್ನಿಚರು ಚೆನ್ನಾಗಿ ಕಾಣತೈತಿ."

ಗೆಳೆತನ

ನಗು ಅಲ್ಲಿಗೆ ನಿಂತಿತು. ನೀಲಗುಂದದಿಂದ ಬರುವ ಅಂತಿಮ ವರ್ಷದ ಹುಡುಗಿಯೊಬ್ಬಳು 'ಕಷ್ಟ'ಕ್ಕೆ ಕಳಿಸಿದ ಫೋಟೋದಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ಇತ್ತು. ಅದಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತ ಅವಳ ಗೆಳತಿ. ಆ ಬಾಗಿಲಿಗೆ ಮೂರು ವರ್ಷದಿಂದ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಹೀಗೇ ನಿಲ್ಲಬೇಕು.

ಪ್ರಿನ್ಸಿಪಾಲರು ನನ್ನನ್ನು ತಮ್ಮ ಕೋಣೆಗೆ ಕರೆಸಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು.

"ನೋಡ್ರಿ ಮೇಡಂ, ಈ ಕಷ್ಟ ಬೋರ್ಡಿನ ಮ್ಯಾಲೆ ಕಂಡ್ರ, ಮುಂದಿನ ವರ್ಷದ ಪಟ್ಟಿಗೆ ಯಾರ ಹೆಸರು ಬರೀತೀನೋ ನನಗ ಗೊತ್ತಿಲ್ಲ."

ಬಂದು ಬೋರ್ಡಿನಿಂದ ಆ ಫೋಟೋ ಕಿತ್ತುಬಿಟ್ಟೆ. ಸುಳ್ಳೇಕೆ ಹೇಳಲಿ. ಹುಡುಗಿ ನೋಡುತ್ತಲೇ ನಿಂತಿದ್ದಳು. ಜಗಳವಾಡಲಿಲ್ಲ. "ಮೇಡಂ, ಮೊನ್ನಿ ಸೋಮವಾರ ನೀವು ಒಳಗಿದ್ದಾಗ ಬಾಗ್ಲಾ ಹಿಡಕೊಂಡಾಕಿ ನಾನ ಅಲ್ರೀ?" ಎಂದಳು.

ಮರುದಿನ ಬೆಳಗ್ಗೆ ಫೋಟೋ ಮತ್ತೆ ಅಂಟಿಸಿದೆ, ಆದರೆ 'ಇಷ್ಟ'ದ ಕಡೆಗೆ, ಕೆಳಗೆ 'ಗೆಳೆತನ' ಎಂದು ಬರೆದು. ಪ್ರಿನ್ಸಿಪಾಲರು ಕನ್ನಡಕ ಏರಿಸಿ ಓದಿದರು. "ಈಗ ನೋಡ್ರಿ, ಕಾಲೇಜು ಸುಧಾರಿಸ್ತು."

ಒಳಗಿದ್ದವರು

ಸಮಿತಿಯಲ್ಲಿ ಇಬ್ಬರು ಗಂಡಸರು, ಒಬ್ಬರು ಹಿರಿಯ ಹೆಂಗಸು. ಆ ಅಮ್ಮ ನೇರ ಬಂದು ಅದೇ ಫೋಟೋ ಮುಂದೆ ನಿಂತರು.

"ನಮ್ಮ ಹೆಣ್ಮಕ್ಕಳ ಗೆಳೆತನ ರಿ, ಪೂರ್ತಿ ತೃಪ್ತಿ!" ಎಂದರು ಪ್ರಿನ್ಸಿಪಾಲರು.

ಆಕೆ ಪಕ್ಕದಲ್ಲೇ ನಿಂತಿದ್ದ ನೀಲಗುಂದದ ಹುಡುಗಿಯತ್ತ ತಿರುಗಿದರು. "ಇದರಲ್ಲಿ ತೃಪ್ತಿ ಯಾರಿಗಮ್ಮ?"

ಹುಡುಗಿ ನನ್ನ ಮುಖ ನೋಡಿದಳು. ಪ್ರಿನ್ಸಿಪಾಲರೂ ನನ್ನ ಮುಖವನ್ನೇ ನೋಡಿದರು. ಹನ್ನೆರಡು ವರ್ಷದ ಬಸ್ಸು ಕಣ್ಣ ಮುಂದೆ ಹಾದುಹೋಯಿತು. 'ಹೇಳು' ಎಂದು ತಲೆಯಾಡಿಸಿದೆ.

"ಒಳಗಿದ್ದಾಕಿಗೆ ರಿ, ಮೇಡಂ. ಚಿಲಕ ಇಲ್ರಿ."

ಆ ಅಮ್ಮ ಕೈಯಲ್ಲಿದ್ದ ಟಿಪ್ಪಣಿ ಪುಸ್ತಕ ಮುಚ್ಚಿ, ನನ್ನ ಕಿವಿಯ ಹತ್ತಿರ ಬಂದರು. "ಅದು ಎಲ್ಲಿದೆ? ಬೆಳಗಿನ ಆರಕ್ಕೆ ಹೊರಟವಳು ನಾನು."

ಐದು ನಿಮಿಷದ ಮೇಲೆ, ಅದೇ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಾನು ನಿಂತಿದ್ದೆ. ಕಾಲೇಜು ತೋರಿಸಲು ಸಮಿತಿಯ ಗಂಡಸರಿಬ್ಬರನ್ನೂ ಕರೆದುಕೊಂಡು ಪ್ರಿನ್ಸಿಪಾಲರು ಮೂಲೆ ತಿರುಗಿ ಬಂದರು.

"ಏನ್ ಮಾಡಾಕತ್ತೀರಿ ಮೇಡಂ ಇಲ್ಲಿ?"

"ಗೆಳೆತನ, ಸರ್."

ಅವರ ಮುಖ ಕೆಂಪಾಯಿತು. "ಸಾಕು ನಿಮ್ಮ ನಾಟಕ! ಮೊದ್ಲು ಇಲ್ಲಿಂದ ನಡೀರಿ!"

ಒಳಗಿಂದ ಗಾಬರಿಯ ಕೂಗು ಬಂತು: "ಅಯ್ಯೋ, ಅವರನ್ನ ಕಳಿಸಬೇಡಿ!"

ಪ್ರಿನ್ಸಿಪಾಲರಿಗೆ ಒಳಗಿರುವುದು ಯಾರೆಂದು ಆಗ ತಿಳಿಯಿತು. ಬಾಗಿಲಿಗೇ ಕೈಮುಗಿದು, ಇಬ್ಬರು ಸಾಕ್ಷಿಗಳ ಎದುರಿಗೆ ಒದರಿದರು:

"ಇಲ್ರಿ ಮೇಡಂ, ಇವರನ್ನ ಕಳಸೂದಿಲ್ರಿ! ಮುಂದಿನ ವರ್ಷನೂ ಮನಿಗೆ ಕಳಸೂದಿಲ್ರಿ!"