ಕಾಕಾನ ಮನೆಯಲ್ಲಿ ಕಸದ ಬುಟ್ಟಿ ಇಲ್ಲ

ನಮ್ಮ ಕಾಕಾನ ಮನೆಯಲ್ಲಿ ಕಸದ ಬುಟ್ಟಿ ಇಲ್ಲ. ಮೊದಲು ಒಂದಿತ್ತು. ಅದರ ತಳ ತೂತು ಬಿದ್ದ ಮೇಲೆ ಕಾಕಾ ಅದನ್ನು ಬೋರಲು ಹಾಕಿ, ಮೇಲೊಂದು ಹಲಗೆ ಕಟ್ಟಿ, ಕೂಡುವ ಮಣೆ ಮಾಡಿಕೊಂಡರು. ಈಗ ಅದರ ಮೇಲೆ ಕುಳಿತೇ ಅವರು ಬೆಳಗಿನ ಚಹಾ ಕುಡಿಯುವುದು.

“ಹೊಸಾದು ತರಂಗಿಲ್ಲೇನ್ರಿ ಕಾಕಾ?” ಎಂದು ಕೇಳಿದ್ದೆ.

“ಯಾತಕ್ಕವ್ವಾ? ಅದರಾಗ ಹಾಕಲಾಕ ನಮ್ಮ ಮನ್ಯಾಗ ಏನದ?”

ಮಾತು ಸುಳ್ಳಲ್ಲ. ಬೀದರಿನ ನೌಬಾದದಲ್ಲಿರುವ ಅವರ ಓಣಿಗೆ ದಿನಾ ಮುಂಜಾನೆ ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ. ಎಲ್ಲರ ಮನೆಯಿಂದಲೂ ಹಸಿ ಕಸ, ಒಣ ಕಸ ಹೊರಗೆ ಬರುತ್ತದೆ. ಕಾಕಾನ ಮನೆಯಿಂದ ಬರಿ ಕಾಕಾ ಹೊರಗೆ ಬರುತ್ತಾರೆ, ಅದೂ ಗಾಡಿಯೊಳಗೆ ಇಣುಕಿ ನೋಡಲು! ಗಾಡಿಯ ಹೆಣ್ಣುಮಗಳು ಒಂದು ದಿನ ತಡೆಯಲಾರದೆ ನಮ್ಮ ಕಾಕುವನ್ನು, ಅಂದರೆ ಕಾಕಾನ ಹೆಂಡತಿಯನ್ನು, ಕೇಳಿಯೇಬಿಟ್ಟಳಂತೆ: “ಅವ್ವಾರ, ನಿಮ್ಮ ಮನ್ಯಾಗ ಯಾರೂ ಊಟಾ ಮಾಡಂಗಿಲ್ಲೇನ್ರಿ?”

“ಮಾಡ್ತೇವವ್ವಾ. ಸಿಪ್ಪಿ ಗಿಡಕ್ಕ ಹೋಗ್ತಾವ, ಚೀಲಾ ಅಟ್ಟಕ್ಕ ಹೋಗ್ತಾವ. ಕೊಡಬೇಕಂದ್ರ ಇವ್ರನ್ನೇ ಕೊಡಬೇಕು, ಒಯ್ತೀಯೇನು?” ಎಂದಳಂತೆ ಕಾಕು.

ನಾನು ಬೀದರಿನಲ್ಲಿ ಕಾಲೇಜು ಓದಿದ್ದು ಇವರ ಮನೆಯಲ್ಲಿದ್ದುಕೊಂಡು. ಹಾಗಾಗಿ ಕೇಳಿದ ಕತೆ ಹೇಳುತ್ತಿಲ್ಲ, ಅನುಭವಿಸಿದ್ದನ್ನೇ ಹೇಳುತ್ತಿದ್ದೇನೆ. ಬಣ್ಣದ ಡಬ್ಬಿಯಲ್ಲಿ ನೀರು ತುಂಬಿಕೊಂಡು ಸ್ನಾನ ಮಾಡಿ, ಎಣ್ಣೆ ಕ್ಯಾನಿನ ತಳ ಕತ್ತರಿಸಿ ಮಾಡಿದ ಚೊಂಬಿನಿಂದ ಮೈಮೇಲೆ ಸುರಿದುಕೊಂಡು, ತುಂಡು ಸಾಬೂನುಗಳನ್ನು ಹಳೆಯ ಕಾಲುಚೀಲದಲ್ಲಿ ತುಂಬಿದ ಗಂಟಿನಿಂದ ಮೈ ತಿಕ್ಕಿಕೊಂಡು ಡಿಗ್ರಿ ಮುಗಿಸಿದವಳು ನಾನು. ಆ ಕಾಲುಚೀಲ ಯಾರದು ಎಂದು ಮಾತ್ರ ಕೇಳಬೇಡಿ.

ಕಾಕಾನ ಬನಿಯನ್ನಿಗೆ ಇರುವಷ್ಟು ಜನ್ಮಗಳು ಯಾವ ಜೀವಿಗೂ ಇರಲಾರವು. ಮೊದಲು ಅದು ಹೊರಗೆ ಹೋಗುವಾಗಿನ ಬನಿಯನ್. ತೂತು ಕಾಣಿಸಿಕೊಂಡ ಮೇಲೆ ಮನೆಯ ಬನಿಯನ್. ತೂತಿನ ನಡುವೆ ಅಲ್ಲಲ್ಲಿ ಬನಿಯನ್ ಕಾಣುವಂತಾದಾಗ ಒಲೆಯ ಬಳಿ ಮಸಿಬಟ್ಟೆ. ಆಮೇಲೆ ನೆಲ ಒರೆಸುವ ಅರಿವೆ. ಕೊನೆಗೆ ಉಳಿದ ಎಳೆಗಳನ್ನು ಹೊಸೆದು ದೇವರ ದೀಪಕ್ಕೆ ಬತ್ತಿ ಮಾಡಲು ಹೊರಟರು. ಅಲ್ಲಿ ಕಾಕು ಅಡ್ಡ ನಿಂತಳು. “ಲಿಂಗಪ್ಪನ ಮುಂದ ನಿಮ್ಮ ಬನಿಯನ್ ಸುಡಬ್ಯಾಡ್ರಿ. ಅವ ಏನು ಪಾಪಾ ಮಾಡ್ಯಾನ?”

ಹಿತ್ತಲಲ್ಲಿದ್ದ ಬಚ್ಚಲಿಗೆ ಮಾಡು ಇರಲಿಲ್ಲ. ಹಬ್ಬಕ್ಕೆ ಶುಭಾಶಯ ಕೋರಿ ಯಾರೋ ಚೌಕದಲ್ಲಿ ಹಾಕಿಸಿದ್ದ ದೊಡ್ಡ ಫ್ಲೆಕ್ಸನ್ನು ಹಬ್ಬ ಮುಗಿದ ಮೇಲೆ ಕಾಕಾ ಕೇಳಿ ತಂದು ಬಚ್ಚಲಿನ ಮೇಲೆ ಬಿಗಿದರು. ಸೊಗಸಾದ ನೆರಳಾಯಿತು. ಮರುದಿನ ಸ್ನಾನಕ್ಕೆ ಹೋದ ಕಾಕು ಹೋದಷ್ಟೇ ಬೇಗ ಹೊರಗೆ ಬಂದಳು.

“ಏನ್ರಿ, ಮ್ಯಾಲಿಂದ ಸಾಹೇಬ್ರು ಕೈ ಮುಗದು ನಕ್ಕೋಂತ ನೋಡ್ಲತ್ತಾರಲ್ರಿ. ನಾ ಹ್ಯಾಂಗ ಜಳಕಾ ಮಾಡ್ಲಿ?”

ಕಾಕಾ ಏಣಿ ಹತ್ತಿ ಫ್ಲೆಕ್ಸ್ ತಿರುವಿ ಹಾಕಿದರು. ಅಂದಿನಿಂದ ಸಾಹೇಬರು ಆಕಾಶಕ್ಕೆ ಕೈಮುಗಿದು ಹಬ್ಬದ ಶುಭಾಶಯ ಕೋರುತ್ತಿದ್ದಾರೆ.

ನನ್ನ ಲಗ್ನ ಆಗಿದ್ದು ಒಂದು ಬಸ್ಸಿನ ಸೀಟಿನಿಂದ. ಕಾಕಾ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಹರಾಜಿನಲ್ಲಿ ಹಳೆಯ ಸೀಟೊಂದನ್ನು ತಂದು, ಕಾಲು ಕೂಡಿಸಿ, ಪಡಸಾಲೆಯಲ್ಲಿ ಸೋಫಾ ಎಂದು ಇಟ್ಟಿದ್ದರು. ಭಾಲ್ಕಿಯಿಂದ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಅದರ ಮೇಲೆ ಸಾಲಾಗಿ ಕುಳಿತರು. ಹುಡುಗನ ಸೋದರಮಾವ ನೀರಿನ ಲೋಟ ಇಡಲು ಹಿಂದೆ ತಿರುಗಿದವರು ಸೀಟಿನ ಬೆನ್ನಿನ ಮೇಲೆ ಅಳಿಸಿಯೂ ಅಳಿಸದಂತೆ ಇದ್ದ ‘ಮಹಿಳೆಯರಿಗೆ ಮಾತ್ರ’ ಎಂಬ ಅಕ್ಷರ ಓದಿ, ಪಾಪ, ಎದ್ದು ನಿಂತರು.

“ಕೂಡ್ರಿ, ಕೂಡ್ರಿ. ಹೆಣ್ಮಕ್ಕಳು ಬಂದಾಗ ಎದ್ರಾತು,” ಎಂದರು ಕಾಕಾ.

ಅದೇ ಹೊತ್ತಿಗೆ ನಾನು ಚಹಾದ ತಟ್ಟೆ ಹಿಡಿದು ಬಂದೆ. ಹುಡುಗ ಗಪ್ಪನೆ ಎದ್ದು ಸೀಟು ಬಿಟ್ಟುಕೊಟ್ಟ. ಅದೇ ಹುಡುಗ ಈಗ ನನ್ನ ಯಜಮಾನರು. ಇಂದಿಗೂ ಮನೆಯಲ್ಲಿ ವಾದ ಬಂದರೆ, “ನಾ ಅವತ್ತೇ ಸೀಟ್ ಬಿಟ್ಟೇನಿ, ಇನ್ನೇನ್ ಬಿಡ್ಲಿ?” ಎನ್ನುತ್ತಾರೆ.

ಓಣಿಗೆ ಬರುವ ಗುಜರಿ ಗಾಡಿಯ ಭಾಯಿಗೂ ಕಾಕಾನಿಗೂ ಹಳೆಯ ಸ್ನೇಹ, ಹಳೆಯ ಜಗಳ. ಎಲ್ಲರೂ ಅವನ ಗಾಡಿಗೆ ಸಾಮಾನು ಹಾಕಿದರೆ ಕಾಕಾ ಅದರಿಂದ ತೆಗೆದುಕೊಳ್ಳುತ್ತಾರೆ. “ಚಾಚಾ, ನಿಮ್ಮಂಥೋರು ಇನ್ನಾ ಇಬ್ಬರು ಇದ್ರ ನಾ ಈ ಗಾಡೀನೇ ಗುಜರಿಗಿ ಹಾಕಬೇಕಾಗ್ತದ್ರಿ,” ಎಂದು ಅವನು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅವನಿಗೆ ಕಾಕಾನ ಮನೆಯಲ್ಲಿ ಒಂದೇ ಒಂದು ವಸ್ತುವಿನ ಮೇಲೆ ಕಣ್ಣಿತ್ತು. ಮೆಟ್ಟಿಲ ಕೆಳಗೆ ಇನ್ನೊಂದು ಫ್ಲೆಕ್ಸ್ ಹೊದ್ದು ನಿಂತಿದ್ದ ಹಳೆಯ ಸೈಕಲ್.

ಈ ಸೈಕಲ್ ಕಾಕಾನ ಸಂಸಾರದಲ್ಲಿ ದೊಡ್ಡ ವಿಚಿತ್ರ. ಅದನ್ನು ಯಾರೂ ಹೊಡೆಯುವುದಿಲ್ಲ. ಟೈರಿನಲ್ಲಿ ಗಾಳಿಯಿಲ್ಲ. ಹಾಗಿದ್ದರೂ ಅದರ ಒಂದು ಮೊಳೆಯೂ ಬೇರೆ ಕೆಲಸಕ್ಕೆ ಹೋಗಿಲ್ಲ! ಹರಿದ ಕೊಡೆಯ ಕಡ್ಡಿಯನ್ನೂ ಬಿಡದ ಮನುಷ್ಯ, ಇಡೀ ಒಂದು ಸೈಕಲ್ಲನ್ನು ಒರೆಸಿ, ಎಣ್ಣೆ ಬಿಟ್ಟು, ಹೊದಿಸಿ ಇಟ್ಟಿದ್ದಾರೆಂದರೆ ಏನು ತಿಳಿಯಬೇಕು?

“ನನ್ನ ಸೀರಿ ಪಡದೆ ಆತು, ಪಡದೆ ಹೋಗಿ ದಿಂಬಿನ ಚೀಲಾ ಆತು, ಚೀಲಾ ಹೋಗಿ ನೆಲಾ ಒರಸೋ ಅರಿಬಿ ಆತು,” ಎಂದು ಕಾಕು ಗೊಣಗುತ್ತಿದ್ದಳು. “ಆ ಸೈಕಲ್ಲಿಗಿ ಮಾತ್ರ ಪಿಂಚಣಿ.”

ಗೊಣಗಿದರೂ ಅದರ ಕತೆ ಹೇಳಿದವಳು ಅವಳೇ. ಲಗ್ನವಾದ ಹೊಸದರಲ್ಲಿ ಇಬ್ಬರೂ ಔರಾದಿನಲ್ಲಿದ್ದರಂತೆ. ರಜೆಯ ದಿನ ಕಾಕಾ ಅವಳನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂಡಿಸಿಕೊಂಡು ಊರ ಹೊರಗೆ ಹೋಗುತ್ತಿದ್ದರಂತೆ. ಇಳಕಲು ಬಂದು ಸೈಕಲ್ ತಾನಾಗಿಯೇ ಕೆಳಗೆ ಓಡತೊಡಗಿತೆಂದರೆ ಕಾಕುವಿನ ಜೀವ ಹೋಗಿ ಬರುತ್ತಿತ್ತು. ಹ್ಯಾಂಡಲ್ಲಿನ ಬಲಗಡೆಯ ರಬ್ಬರ್ ಗ್ರಿಪ್ಪನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

“ಗ್ರಿಪ್ ನಂದು, ಬ್ರೇಕ್ ಅವರದು. ನಾ ಹಿಡಕೊಂಡ್ರ ಅವರಿಗಿ ಕೈ ಇಡ್ಲಾಕ ಜಾಗಾ ಇರ್ತಿದ್ದಿಲ್ಲ. ಬೆರಳ ತುದಿಲೇ ಬ್ರೇಕ್ ಹಿಡಿತಿದ್ರು, ಪಾಪ,” ಎಂದು ಹೇಳಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಹೋದ ವರ್ಷ ಕಾಕುವಿಗೆ ಲಕ್ವಾ ಹೊಡೆಯಿತು. ದವಾಖಾನೆಯಿಂದ ಬಂದ ಮೇಲೆ ಕಾಲು ನಿಧಾನಕ್ಕೆ ಸರಿಹೋಯಿತು. ದೇವರು ನಾಲಿಗೆಯನ್ನಂತೂ ಮುಟ್ಟಲೇ ಇಲ್ಲ. ಬಲಗೈ ಮಾತ್ರ ಹಿಂದಕ್ಕೆ ಬರಲಿಲ್ಲ. ಬೆರಳುಗಳಿಗೆ ಬಿಗಿಯಿಲ್ಲ, ಹಿಡಿದ ಚಮಚ ಜಾರಿ ಬೀಳುತ್ತಿತ್ತು. ಎಡಗೈಯಲ್ಲಿ ಉಣ್ಣಲು ಅವಳು ಒಪ್ಪಲಿಲ್ಲ. ಕಾಕಾ ಪಡದೆ ಎಳೆದು ಒಳಗೆ ಉಣಿಸುತ್ತಿದ್ದರು. ಯಾರಾದರೂ ಮನೆಗೆ ಬಂದರೆ ಅವರು ಹೋಗುವ ತನಕ ಕಾಕುವಿಗೆ ಹಸಿವಿಲ್ಲ. ಊರಿಗೆಲ್ಲ ಉಣಿಸಿದ ಹೆಂಗಸು ತನ್ನ ತಟ್ಟೆಯನ್ನು ಅಡಗಿಸಿ ಇಡುತ್ತಿದ್ದಳು.

ಅದೇ ಸಮಯಕ್ಕೆ ಭಾಲ್ಕಿಯಲ್ಲಿ ನನ್ನ ಮಗಳ ಮದುವೆ ಕೂಡಿಬಂತು. ನಮ್ಮಲ್ಲಿ ಮದುವೆಯ ದಿನ ಭೂಮ ಎಂಬ ಊಟವಿರುತ್ತದೆ. ಮದುಮಕ್ಕಳನ್ನು ನಡುವೆ ಕೂಡಿಸಿಕೊಂಡು ಹತ್ತಿರದವರೆಲ್ಲ ಸುತ್ತ ಕುಳಿತು ಒಬ್ಬರಿಗೊಬ್ಬರು ಉಣಿಸುತ್ತಾರೆ. ನಮ್ಮ ಮನೆತನದಲ್ಲಿ ಮದುಮಗಳ ಬಾಯಿಗೆ ಮೊದಲ ತುತ್ತು ಇಡುವುದು ಕಾಕು. ನನಗೂ ಅವಳೇ ಇಟ್ಟಿದ್ದು. ಕಾಕುವನ್ನು ಆಯಿ ಎಂದೇ ಕರೆಯುವ ನನ್ನ ಮಗಳಂತೂ ಹಟ ಹಿಡಿದಳು: “ಆಯಿ ತಿನಿಸಿದ್ರನೇ ನಾ ಭೂಮಕ್ಕ ಕೂಡ್ತೇನಿ.”

ಕರೆಯಲು ನೌಬಾದಕ್ಕೆ ಹೋದೆ. ಕಾಕು ಮುಖ ತಿರುವಿದಳು.

“ನಾ ಬರಂಗಿಲ್ಲವ್ವಾ. ಬೀಗರ ಎದುರಿಗಿ ಕೂಸಿನಂಗ ಬಾಯಿ ತೆರಕೊಂಡು ಕೂಡ್ಲೇನು? ಅಕಿಗಿ ತಿನಿಸಲಾಕ ಹೋಗಿ ಮೈಮ್ಯಾಲ ಚೆಲ್ಲಿದ್ರ ಏನಂದಾರು? ಬ್ಯಾರೆ ಯಾರರ ಇಡ್ಲಿ ತುತ್ತು.”

ಅಷ್ಟು ಹೇಳಿ ಎಡಗೈಯಿಂದ ಕಣ್ಣು ಒರೆಸಿಕೊಂಡಳು. ನಾನೂ ಅತ್ತೆ, ಅದರಲ್ಲೇನು ಮುಚ್ಚುಮರೆ. ಕಾಕಾ ಮಾತ್ರ ತಮ್ಮ ಬೋರಲು ಬುಟ್ಟಿಯ ಮೇಲೆ ಕುಳಿತು ಒಂದು ಚಮಚವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಚಮಚದ ಹಿಡಿ ದಪ್ಪವಾದರೆ ಕಾಕುವಿನ ಬೆರಳಿಗೆ ಸಿಕ್ಕೀತು ಎಂಬುದು ಅವರ ಲೆಕ್ಕಾಚಾರ. ಅದಕ್ಕಾಗಿ ಆಗಲೇ ಏನೇನೋ ಮಾಡಿ ನೋಡಿದ್ದರು. ಮೊದಲು ಬನಿಯನ್ ಸುತ್ತಿದರು. ಒಂದೇ ಊಟಕ್ಕೆ ಅದು ಸಾರನ್ನೆಲ್ಲ ಕುಡಿಯಿತು. “ಬನಿಯನ್ನಿಗಿ ಊಟಾ ಆತು, ಈಗ ನನಗ ಹಾಕ್ರಿ,” ಎಂದಳು ಕಾಕು. ಆಮೇಲೆ ಬೆಂಡು ಚುಚ್ಚಿದರು, ಜಾರಿತು. ಮೆಕ್ಕೆಜೋಳದ ಒಣ ದಿಂಡು ಸಿಕ್ಕಿಸಿದರು, ಮುರಿಯಿತು. ಹಳೆಯ ಲಟ್ಟಣಿಗೆಯ ತುಂಡು ಕೂಡಿಸಿದಾಗ, “ಇದು ಚಮಚ ಏನು ಗದಾ? ನಾ ಉಣ್ಣಬೇಕೋ ಯುದ್ಧಕ್ಕ ಹೋಗಬೇಕೋ?” ಎಂದು ಕೇಳಿದಳು. ಅಟ್ಟದ ಮೇಲಿದ್ದ ಸಾಮಾನೆಲ್ಲ ಕೆಳಗೆ ಬಂತು. ಇಡೀ ಬದುಕು ಕೂಡಿಟ್ಟ ರಾಶಿಯಲ್ಲಿ ಹೆಂಡತಿಯ ಕೈಗೆ ಹೊಂದುವ ಒಂದು ವಸ್ತು ಸಿಗಲಿಲ್ಲ.

ನಾನು ನೋಡುತ್ತಿದ್ದಂತೆಯೇ ಕಾಕಾ ಎದ್ದರು. ಮೆಟ್ಟಿಲ ಬಳಿ ಹೋಗಿ ಸೈಕಲ್ಲಿನ ಹೊದಿಕೆ ತೆಗೆದರು. ಆಮೇಲೆ ಸಾಬೂನಿನ ಬಿಸಿನೀರು ತಂದು ಬಲಗಡೆಯ ಗ್ರಿಪ್ಪಿನೊಳಗೆ ಬಿಟ್ಟು, ನಿಧಾನಕ್ಕೆ ತಿರುವುತ್ತ ತಿರುವುತ್ತ ಹೊರಗೆ ಎಳೆದರು. ಕೆಟ್ಟ ಸದ್ದು ಮಾಡುತ್ತ ಅದು ಬಂತು.

ಕಾಕು ಒಳಗಿನಿಂದ ನೋಡಿದಳು. “ಏನ್ರಿ ಅದು? ಸೈಕಲ್ಲಿಗಿ ಯಾಕ ಕೈ ಹಚ್ಚಿದ್ರಿ?” ಎಂದಳು. ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಕಾಕಾ ಗ್ರಿಪ್ ತೊಳೆದು ಒರೆಸಿ, ಚಮಚದ ಹಿಡಿಯನ್ನು ಅದರೊಳಗೆ ಸೇರಿಸಿ, ಸಂದಿಗೆ ಬಟ್ಟೆಯ ತುಂಡು ತುರುಕಿ ಬಿಗಿ ಮಾಡಿದರು. ಕಾಕುವಿನ ಮುಂದೆ ಕುಳಿತು, ಅವಳ ಬಲಗೈ ತೆಗೆದುಕೊಂಡು, ಒಂದೊಂದೇ ಬೆರಳನ್ನು ಗ್ರಿಪ್ಪಿನ ಸುತ್ತ ಮಡಚಿದರು. ರಬ್ಬರಿನ ಮೇಲೆ ಆಗಿನ ಕಾಲದ ಬೆರಳ ತಗ್ಗುಗಳು ಹಾಗೇ ಇದ್ದವು.

“ಇಳಕಲ್ ಬಂತು,” ಎಂದರು ಕಾಕಾ. “ಹಿಡಕೋ.”

ಕಾಕು ಅವರ ಮುಖ ನೋಡಿದಳು. ಆಮೇಲೆ, ನಾನು ಕಣ್ಣಾರೆ ಕಂಡೆ, ಬೆರಳುಗಳು ತಾವಾಗಿ ಒಂದಿಷ್ಟು ಬಿಗಿಯಾದವು. ಚಮಚ ಬೀಳಲಿಲ್ಲ.

ಮದುವೆಯವರೆಗೂ ಮನೆಯಲ್ಲಿ ಅಭ್ಯಾಸ ನಡೆಯಿತಂತೆ. ಅಂಬಲಿ, ಮೊಸರನ್ನ, ಅರ್ಧ ಬಾಯಿಗೆ, ಅರ್ಧ ಕಾಕಾನ ಅಂಗಿಗೆ. ಭೂಮದ ದಿನ ಕಾಕು ಹಸಿರು ಸೀರೆ ಉಟ್ಟು, ಕೈಯಲ್ಲಿ ಸೈಕಲ್ಲಿನ ಗ್ರಿಪ್ ಹಿಡಿದು ನನ್ನ ಮಗಳ ಪಕ್ಕ ಕುಳಿತಳು. ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ಕಾಕು ಯಾರನ್ನೂ ನೋಡಲಿಲ್ಲ. ಗೋಧಿ ಹುಗ್ಗಿಯಲ್ಲಿ ಚಮಚ ಅದ್ದಿ, ನಿಧಾನಕ್ಕೆ ಎತ್ತಿದಳು. ಚಮಚ ಅತ್ತಿತ್ತ ವಾಲಿತು, ಸ್ವಲ್ಪ ಹುಗ್ಗಿ ಮದುಮಗಳ ಸೆರಗಿನ ಮೇಲೆ ಬಿತ್ತು, ಉಳಿದದ್ದು ಬಾಯಿ ಸೇರಿತು. ಮಗಳು ಅಳುತ್ತಲೇ ನುಂಗಿದಳು.

“ಬ್ರೇಕ್ ಅವರ ಕೈಯಾಗ ಅದವ್ವಾ, ಅದಕ್ಕ ಸೀರಿಗಿ ಬಿತ್ತು,” ಎಂದಳು ಕಾಕು. ಆಮೇಲೆ ಇನ್ನೊಂದು ಚಮಚ ತುಂಬಿ, ಎಲ್ಲರ ಎದುರಿಗೆ, ತಾನೇ ಉಂಡಳು.

ಊಟ ಮುಗಿದ ಮೇಲೆ ನೋಡಿದರೆ ಕಾಕಾ ಎಂದಿನಂತೆ ಪಂಕ್ತಿಯಲ್ಲಿ ಖಾಲಿ ನೀರಿನ ಬಾಟಲಿ ಆರಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಚಮಚ ತೊಳೆದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದರು. ಅವರ ಮುಖದಲ್ಲಿ ನಗು ಕಂಡು ನನಗೂ ಚೇಷ್ಟೆ ಮಾಡುವ ಮನಸ್ಸಾಯಿತು.

“ಕಾಕಾ, ಇನ್ನ ಆ ಸೈಕಲ್ ಗುಜರಿ ಭಾಯಿಗಿ ಕೊಟ್ಟು ಬಿಡ್ರಿ. ಒಂದೇ ಗ್ರಿಪ್ಪಿನ ಸೈಕಲ್ ಇಟ್ಕೊಂಡು ಏನ್ ಮಾಡ್ತೀರಿ?”

ಕಾಕಾ ಬಾಟಲಿಯ ಮುಚ್ಚಳ ತಿರುವುತ್ತ, ಅಲ್ಲಿ ಬೀಗರ ಹೆಂಗಸರ ನಡುವೆ ಕುಳಿತು ಮಾತಾಡುತ್ತಿದ್ದ ಕಾಕುವನ್ನು ನೋಡಿದರು.

“ಇರ್ಲಿ ಬಿಡವ್ವಾ. ಒಂದು ಅಕಿಗಿ ಆತು. ನಾಳಿ ನನ್ನ ಕೈಗಿ ಹಿಂಗಾದ್ರ ಇನ್ನೊಂದು ಬೇಕಾಗ್ತದ. ಅವತ್ತ ಅಕಿ ಹೇಳ್ತಾಳ, ಹಿಡಕೋರಿ ಅಂತ.”